ಕಸಿ ಕಟ್ಟೋಕೆ ಪಹಣಿ ಯಾಕೆ ಬೇಕು?

ಪ್ರತಿ ಬೇಸಿಗೆಯಲ್ಲೂ ಪತ್ರಿಕೆಗಳ ಜಿಲ್ಲಾ ಪುಟದ ಮೂಲೆಯಲ್ಲಿ ಒಂದು ಸಣ್ಣ ಪ್ರಕಟಣೆ ಬರುತ್ತದೆ. 'ರೈತರ ಮಕ್ಕಳಿಗೆ ತೋಟಗಾರಿಕೆ ತರಬೇತಿ, ಅರ್ಜಿ ಆಹ್ವಾನ' ಅಂತ. ರಾಜ್ಯದ ತೋಟಗಾರಿಕೆ ಇಲಾಖೆ ನಡೆಸುವ ಹತ್ತು ತಿಂಗಳ ತರಬೇತಿ ಅದು. ಮೇ ತಿಂಗಳಲ್ಲಿ ಶುರುವಾಗಿ ಫೆಬ್ರವರಿಗೆ ಮುಗಿಯುತ್ತದೆ. ಎಸ್ಸೆಸ್ಸೆಲ್ಸಿ ಪಾಸಾಗಿರಬೇಕು. ಸಾಮಾನ್ಯ ವರ್ಗದವರಿಗೆ ವಯಸ್ಸು 18ರಿಂದ 30. ಇತ್ತೀಚಿನ ವರ್ಷಗಳ ಪ್ರಕಟಣೆಗಳ ಪ್ರಕಾರ ತಿಂಗಳಿಗೆ 1,750 ರೂಪಾಯಿ ಶಿಷ್ಯವೇತನ. ಇಷ್ಟೆಲ್ಲ ಓದಿಕೊಂಡು ಬಂದಮೇಲೆ ಇನ್ನೊಂದು ಷರತ್ತು ಸಿಗುತ್ತದೆ. ಅಭ್ಯರ್ಥಿಯ ತಂದೆ, ತಾಯಿ ಅಥವಾ ಪೋಷಕರಿಗೆ ಜಮೀನು ಇರಬೇಕು, ಅದರ ಪಹಣಿ ಲಗತ್ತಿಸಬೇಕು.

ನಮ್ಮ ತಕರಾರು ಇರುವುದು ಈ ಷರತ್ತಿನ ಬಗ್ಗೆ.

ಪಹಣಿ ಅನ್ನಿ, ಉತಾರ ಅನ್ನಿ, ಅದು ಜಮೀನಿನ ಕಾಗದ. ಯಾರ ಹೆಸರಲ್ಲಿ ಎಷ್ಟು ಎಕರೆ ಇದೆ ಅಂತ ಅದು ಹೇಳುತ್ತದೆ. ಯಾರ ಕೈಗೆ ಕತ್ತರಿ ಹಿಡಿಯೋಕೆ ಬರುತ್ತದೆ, ಯಾರಿಗೆ ಕಣ್ಣು ನೋಡಿ ಕಸಿ ಕಟ್ಟೋಕೆ ಬರುತ್ತದೆ ಅಂತ ಹೇಳೋದಿಲ್ಲ. ಸಾಲ ಕೊಡುವಾಗ ಪಹಣಿ ಕೇಳಲಿ. ಬೆಳೆ ವಿಮೆಗೆ ಕೇಳಲಿ. ವಿದ್ಯೆ ಕಲಿಸೋಕೆ ಯಾಕೆ ಕೇಳಬೇಕು?

ಮೊದಲು ಲೆಕ್ಕ ನೋಡೋಣ. 2011ರ ಜನಗಣತಿ ಪ್ರಕಾರ ಕರ್ನಾಟಕದಲ್ಲಿ ಸ್ವಂತ ಸಾಗುವಳಿ ಮಾಡುವವರು 65 ಲಕ್ಷ ಚಿಲ್ಲರೆ. ಹೊಲ-ತೋಟಗಳಲ್ಲಿ ಕೂಲಿ ಮಾಡುವವರು 71 ಲಕ್ಷ ಚಿಲ್ಲರೆ. ಇಡೀ ದೇಶದ ಲೆಕ್ಕವೂ ಹಾಗೇ ಇದೆ: ಸಾಗುವಳಿದಾರರು ಸುಮಾರು 11.9 ಕೋಟಿ, ಕೃಷಿ ಕೂಲಿಕಾರರು ಸುಮಾರು 14.4 ಕೋಟಿ. ಅಂದರೆ ಮಣ್ಣಿನ ಕೆಲಸ ಮಾಡುವವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಕೂಲಿಯವರು. ಇವರಲ್ಲಿ ತುಂಡು ಜಮೀನು ಇದ್ದವರೂ ಇದ್ದಾರೆ ಅನ್ನೋದು ನಿಜ. ಆದರೆ ಗುಂಟೆಯೂ ಇಲ್ಲದವರ ದೊಡ್ಡ ಗುಂಪು ಇರೋದೂ ಇಲ್ಲೇ. ತೋಟದ ಕೆಲಸ ಕಲಿಸುವ ಸರ್ಕಾರಿ ತರಬೇತಿಯ ಬಾಗಿಲು ಇವರ ಮಕ್ಕಳಿಗೆ ಮುಚ್ಚಿದೆ.

ಈಗ ತೋಟಕ್ಕೆ ಬನ್ನಿ. ಅಲ್ಲಿ ಕೆಲಸ ಮಾಡುತ್ತಿರೋದು ಯಾರು?

ವಿಜಯಪುರದ ದ್ರಾಕ್ಷಿ ತೋಟಗಳಲ್ಲಿ ವರ್ಷಕ್ಕೆ ಎರಡು ಸಲ ಚಾಟ್ನಿ. ಏಪ್ರಿಲ್ ಹೊತ್ತಿಗೆ ಒಂದು, ಅಕ್ಟೋಬರ್ ಹೊತ್ತಿಗೆ ಇನ್ನೊಂದು. ಯಾವ ಕಡ್ಡಿ ಇಡಬೇಕು, ಎಷ್ಟನೇ ಕಣ್ಣಿಗೆ ಕತ್ತರಿಸಬೇಕು ಅನ್ನೋದರ ಮೇಲೆ ಆ ವರ್ಷದ ಬೆಳೆ ನಿಂತಿರುತ್ತದೆ. ಕತ್ತರಿ ಹಿಡಿದವರು ಬಹುಪಾಲು ಕೂಲಿಯವರು, ಗುಂಪು ಕಟ್ಟಿಕೊಂಡು ತೋಟದಿಂದ ತೋಟಕ್ಕೆ ಹೋಗುವವರು. ಮಲೆನಾಡು-ಕರಾವಳಿಯಲ್ಲಿ ಅಡಿಕೆ ಮರ ಹತ್ತಿ ಮದ್ದು ಹೊಡೆಯುವವರು, ಕೊನೆ ಕೊಯ್ಯುವವರು ಯಾರು? ಕೋಲಾರ ಸೀಮೆಯ ನರ್ಸರಿಗಳಲ್ಲಿ ಟ್ರೇ ತುಂಬಿ ಟೊಮೆಟೊ ಸಸಿ ಎಬ್ಬಿಸುವ ಹೆಂಗಸರು ಯಾರು? ಇವರ ಕೈಯಲ್ಲಿ ವಿದ್ಯೆ ಇದೆ. ಅದಕ್ಕೆ ಹೆಸರಿಲ್ಲ, ಪ್ರಮಾಣಪತ್ರ ಇಲ್ಲ, ಅದರ ಮೇಲಿನ ಹಂತ ಕಲಿಯೋಕೆ ದಾರಿಯೂ ಇಲ್ಲ. ಹಾಜರಿ ಪುಸ್ತಕದಲ್ಲಿ ಇವರೆಲ್ಲ ಬರೀ 'ಆಳು'.

ಕಲಿಸದೆ ಬಿಟ್ಟರೆ ಏನಾಗುತ್ತದೆ ಅನ್ನೋದಕ್ಕೆ ಮೂರು ಉದಾಹರಣೆ ಕೊಡುತ್ತೇವೆ.

ಒಂದು, ದಾಳಿಂಬೆ. ಬಾಗಲಕೋಟೆ, ವಿಜಯಪುರ, ಕೊಪ್ಪಳ, ಚಿತ್ರದುರ್ಗದ ಕಡೆಯವರಿಗೆ ದುಂಡಾಣು ಅಂಗಮಾರಿ ರೋಗ ಗೊತ್ತೇ ಇದೆ. ಎಲೆಯ ಮೇಲೆ ಎಣ್ಣೆ ಚುಕ್ಕೆಯ ಹಾಗೆ ಶುರುವಾಗಿ, ಕಾಯಿ ಕಪ್ಪಾಗಿ ಸೀಳಿ ಹೋಗುತ್ತದೆ. ಈ ರೋಗಕ್ಕೆ ಹತ್ತು ಎಕರೆ ತೋಟವನ್ನೇ ಕಿತ್ತು ಹಾಕಿದವರಿದ್ದಾರೆ. ಇದು ಮಳೆ ಹನಿಯಲ್ಲಿ ಹರಡುತ್ತದೆ, ರೋಗ ಇರುವ ಸಸಿಯ ಜೊತೆ ಬರುತ್ತದೆ, ಸವರುವ ಕತ್ತರಿಯ ಬಾಯಲ್ಲೂ ಒಂದು ಗಿಡದಿಂದ ಇನ್ನೊಂದಕ್ಕೆ ದಾಟುತ್ತದೆ. ಒಂದು ಗಿಡ ಮುಗಿಸಿ ಮುಂದಿನದಕ್ಕೆ ಹೋಗುವಾಗ ಕತ್ತರಿಯನ್ನು ಸೋಡಿಯಂ ಹೈಪೋಕ್ಲೋರೈಟ್ ದ್ರಾವಣದಲ್ಲಿ ಅದ್ದಬೇಕು. ಕೆಲಸ ಇಷ್ಟೇ. ಆದರೆ ಇದನ್ನು ತೋಟದ ಯಜಮಾನನಿಗೆ ಕಾರ್ಯಾಗಾರದಲ್ಲಿ ಹೇಳಿ ಊಟ ಹಾಕಿ ಕಳಿಸಿದರೆ ಸಾಲದು. ಕತ್ತರಿ ಇರೋದು ಯಜಮಾನನ ಕೈಯಲ್ಲಿ ಅಲ್ಲವಲ್ಲ. ಇವತ್ತು ಈ ತೋಟ, ನಾಳೆ ಆ ತೋಟ ಅಂತ ಹೋಗುವ ಕೂಲಿಯವರಿಗೆ 'ಯಾಕೆ ಅದ್ದಬೇಕು' ಅನ್ನೋದು ಗೊತ್ತಿರಬೇಕು. ಗೊತ್ತಿಲ್ಲದಿದ್ದರೆ ಪಹಣಿ ಇದ್ದವನ ತೋಟವೇ ಮೊದಲು ಹಾಳಾಗೋದು.

ಎರಡು, ದ್ರಾಕ್ಷಿಗೆ ಹಚ್ಚುವ ಪೇಸ್ಟ್. ಅಕ್ಟೋಬರ್ ಚಾಟ್ನಿ ಆದಮೇಲೆ ಎಲ್ಲ ಕಣ್ಣೂ ಒಟ್ಟಿಗೆ ಒಡೆಯಲಿ ಅಂತ ಹೈಡ್ರೋಜನ್ ಸೈನಮೈಡ್ ಅನ್ನುವ ರಾಸಾಯನಿಕ ಹಚ್ಚುತ್ತಾರೆ. ಇದು ಚರ್ಮ ಸುಡುತ್ತದೆ. ಅದಕ್ಕಿಂತ ಮುಖ್ಯವಾದ ಮಾತು ಇನ್ನೊಂದಿದೆ. ಇದು ಮೈಗೆ ಸೇರಿದವರು ಆ ಹೊತ್ತಿನಲ್ಲಿ ಸಾರಾಯಿ ಕುಡಿದರೆ ಮುಖ ಕೆಂಪೇರಿ, ಎದೆ ಬಡಿತ ಹೆಚ್ಚಾಗಿ, ವಾಂತಿ ಬಂದು, ಉಸಿರು ಕಟ್ಟಿ ಆಸ್ಪತ್ರೆ ಸೇರುವ ಸ್ಥಿತಿ ಬರಬಹುದು. ಹೆಂಡವನ್ನು ಅರಗಿಸುವ ದಾರಿಯಲ್ಲೇ ಈ ರಾಸಾಯನಿಕ ಅಡ್ಡ ನಿಲ್ಲುತ್ತದೆ, ಅದಕ್ಕೆ. ಕೆಲಸದ ಹಿಂದಿನ ದಿನವೂ ಕುಡಿಯಬಾರದು, ಕೆಲಸ ಮುಗಿದಮೇಲೂ ಕೆಲವು ದಿನ ಕುಡಿಯಬಾರದು. ದಿನವಿಡೀ ಬಿಸಿಲಲ್ಲಿ ದುಡಿದು ಸಂಜೆ ಒಂದು ಪ್ಯಾಕೆಟ್ ಒಡೆಯುವ ಮನುಷ್ಯನಿಗೆ ಇದನ್ನು ಯಾರಾದರೂ ಕೂರಿಸಿ ಹೇಳಿಕೊಟ್ಟಿದ್ದಾರಾ? ಡಬ್ಬಿ ಮೇಲೆ ಇರುವೆ ಗಾತ್ರದ ಅಕ್ಷರದಲ್ಲಿ ಬರೆದಿರುತ್ತದೆ. ಆ ಡಬ್ಬಿ ಯಜಮಾನರ ಮನೆಯಲ್ಲಿರುತ್ತದೆ. ಕೂಲಿಯವರ ಕೈಗೆ ಬರೋದು ಬಕೆಟ್ಟಿನಲ್ಲಿ ಕಲಸಿದ ನೀರು.

ಮೂರು, ಬೋರ್ಡೋ ದ್ರಾವಣ. ಅಡಿಕೆಯ ಕೊಳೆರೋಗಕ್ಕೆ ಅಜ್ಜಂದಿರ ಕಾಲದಿಂದ ಹೊಡೆಯುವ ಮದ್ದು. ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, ನೂರು ಲೀಟರ್ ನೀರು. ಎರಡನ್ನೂ ಬೇರೆ ಬೇರೆ ಕರಗಿಸಿ ಕೂಡಿಸಬೇಕು, ಕಬ್ಬಿಣದ ಪಾತ್ರೆ ಬಳಸಬಾರದು. ಸರಿಯಾಗಿದೆಯಾ ಅಂತ ನೋಡೋಕೆ ಹೊಳೆಯುವ ಚಾಕು ಅಥವಾ ಬ್ಲೇಡು ಅದ್ದಬೇಕು. ಅದರ ಮೇಲೆ ಕೆಂಪು ಹಿಡಿದರೆ ತಾಮ್ರ ಹೆಚ್ಚಾಗಿದೆ, ಇನ್ನಷ್ಟು ಸುಣ್ಣ ಬೇಕು ಅಂತ ಅರ್ಥ. ಇದು ಸಣ್ಣ ರಸಾಯನಶಾಸ್ತ್ರದ ಪಾಠ. ಹೈಸ್ಕೂಲಿನಲ್ಲಿ ಆಮ್ಲ, ಪ್ರತ್ಯಾಮ್ಲ ಅಂತ ಬಾಯಿಪಾಠ ಮಾಡಿ ಮರೆತದ್ದು ಇಲ್ಲಿ ಕೈಗೆ ಹತ್ತುತ್ತದೆ. ಓದು ತಲೆಗೆ ಹತ್ತಲಿಲ್ಲ ಅಂತ ಮನೆಯಲ್ಲಿ ಕೂತ ಹುಡುಗನಿಗೆ ಇಂಥ ಕಡೆ ಓದು ಹತ್ತುತ್ತದೆ.

'ಜಮೀನೇ ಇಲ್ಲದವರು ತೋಟಗಾರಿಕೆ ಕಲಿತು ಏನು ಮಾಡುತ್ತಾರೆ?' ಅನ್ನುವ ಪ್ರಶ್ನೆ ಬಂದೇ ಬರುತ್ತದೆ. ಕೇಳುವವರಿಗೆ ನಮ್ಮದೂ ಒಂದು ಪ್ರಶ್ನೆ. ಸ್ವಂತ ಕಟ್ಟಡ ಇಲ್ಲದವರು ಸಿವಿಲ್ ಡಿಪ್ಲೊಮಾ ಓದಬಾರದಾ? ಸ್ವಂತ ಬಸ್ಸು ಇಲ್ಲದವರು ಡ್ರೈವಿಂಗ್ ಕಲಿಯಬಾರದಾ? ಐಟಿಐನಲ್ಲಿ ಫಿಟ್ಟರ್ ಸೀಟಿಗೆ ಅಪ್ಪನ ಹೆಸರಲ್ಲಿ ಕಾರ್ಖಾನೆ ಇದೆಯಾ ಅಂತ ಯಾರೂ ಕೇಳೋದಿಲ್ಲ. ಮಣ್ಣಿನ ವಿದ್ಯೆಗೆ ಮಾತ್ರ ಈ ನಿಯಮ ಯಾಕೆ?

ಕಲಿತವರಿಗೆ ಕೆಲಸವೂ ಇದೆ. ನರ್ಸರಿಯಲ್ಲಿ ಕಸಿ ಕಟ್ಟುವವರಿಗೆ ಹಾಜರಿ ಬೇರೆ, ಮಣ್ಣು ತುಂಬುವವರಿಗೆ ಬೇರೆ. ಮಾವಿನ ಮೆದುಕಾಂಡ ಕಸಿಗೆ ಕಡ್ಡಿ ಆರಿಸಬೇಕು, ತರುವ ವಾರ-ಹತ್ತು ದಿನ ಮೊದಲೇ ಎಲೆ ಸವರಿ ಬಿಡಬೇಕು, ಕಣ್ಣು ಉಬ್ಬಿದಾಗ ಕತ್ತರಿಸಿ, ಬುಡದ ಸಸಿಗೆ ಸೀಳು ಹಾಕಿ, ತೊಗಟೆಗೆ ತೊಗಟೆ ಕೂಡಿಸಿ, ಪ್ಲಾಸ್ಟಿಕ್ ಪಟ್ಟಿಯಿಂದ ಬಿಗಿಯಬೇಕು. ಇದು ಬಂದವರು ಎಕರೆ ಜಮೀನಿಲ್ಲದೆ ಮನೆ ಹಿತ್ತಲಿನಲ್ಲೇ ನೆರಳುಪರದೆ ಕಟ್ಟಿ ಸಣ್ಣ ನರ್ಸರಿ ಶುರು ಮಾಡಬಹುದು. ಪಾಲಿಹೌಸ್‌ಗಳಿಗೆ, ಹನಿ ನೀರಾವರಿ ಜೋಡಿಸೋಕೆ, ಪಟ್ಟಣಗಳ ಪಾರ್ಕು, ಅಪಾರ್ಟ್‌ಮೆಂಟುಗಳಿಗೆ ಕೆಲಸ ಗೊತ್ತಿದ್ದವರು ಬೇಕು. ಜಮೀನು ಇಲ್ಲದವರಿಗೆ ಕೈಕಸುಬೇ ಆಸ್ತಿ. ಆದ್ದರಿಂದ ತರಬೇತಿ ಅವರಿಗೇ ಹೆಚ್ಚು ಬೇಕು.

ಪಹಣಿ ಷರತ್ತಿನ ಇನ್ನೊಂದು ಮುಖವನ್ನೂ ನೋಡಿ. 1974ರಲ್ಲಿ ದೇವರಾಜ ಅರಸರ ಸರ್ಕಾರ ಭೂಸುಧಾರಣಾ ಕಾಯ್ದೆಗೆ ತಿದ್ದುಪಡಿ ತಂದಾಗ 'ಉಳುವವನೇ ಹೊಲದೊಡೆಯ' ಅನ್ನುವ ಮಾತು ಹಳ್ಳಿಹಳ್ಳಿಗೆ ಮುಟ್ಟಿತು. ಗೇಣಿದಾರರು ಒಡೆಯರಾದರು. ಅದು ದೊಡ್ಡ ಕೆಲಸ, ನಾವು ಅಲ್ಲಗಳೆಯೋದಿಲ್ಲ. ಆದರೆ ಅವತ್ತಿನಿಂದ ಕೃಷಿ ಜಮೀನನ್ನು ಗೇಣಿಗೆ ಕೊಡೋದಕ್ಕೆ ಕಾನೂನಿನಲ್ಲಿ ಬಹುತೇಕ ಅವಕಾಶ ಇಲ್ಲ. ಹಾಗಂತ ಗೇಣಿ ನಿಂತಿದೆಯಾ? ಕೋರು, ಲಾವಣಿ, ಗುತ್ತಿಗೆ ಅಂತ ಊರೂರಲ್ಲಿ ಬಾಯಿಮಾತಿನಲ್ಲಿ ನಡೆಯುತ್ತಲೇ ಇದೆ. ಹೀಗೆ ಹೊಲ ಹಿಡಿದು ವರ್ಷಗಟ್ಟಲೆ ಬೆಳೆಯುವವರ ಹೆಸರು ಯಾವ ಕಾಗದದಲ್ಲೂ ಬರೋದಿಲ್ಲ. ಅವರು ರೈತರೇ. ಅವರ ಮಕ್ಕಳು ಮಾತ್ರ, ಸರ್ಕಾರದ ಅರ್ಜಿಯ ಪ್ರಕಾರ, 'ರೈತರ ಮಕ್ಕಳು' ಅಲ್ಲ.

ಇನ್ನು 2020ರ ತಿದ್ದುಪಡಿ. ಕೃಷಿಕರಲ್ಲದವರು ಕೃಷಿ ಜಮೀನು ಕೊಳ್ಳದಂತೆ ತಡೆಯುತ್ತಿದ್ದ 79ಎ, 79ಬಿ ಕಲಂಗಳನ್ನು ತೆಗೆದು ಹಾಕಿದರು. ಈಗ ಬೆಂಗಳೂರಿನಲ್ಲಿ ಕೂತು ದುಡ್ಡಿದ್ದವರು ಯಾವ ಊರಿನಲ್ಲಾದರೂ ಜಮೀನು ಕೊಂಡು ಪಹಣಿಗೆ ಹೆಸರು ಹಾಕಿಸಬಹುದು. ಎರಡನ್ನೂ ಕೂಡಿಸಿ ನೋಡಿ. ವಾರಾಂತ್ಯಕ್ಕೆ ಕಾರಿನಲ್ಲಿ ಬಂದು ತೋಟ ನೋಡಿ ಹೋಗುವವರ ಮಗ ಕಾಗದದ ಪ್ರಕಾರ ಈ ತರಬೇತಿಗೆ ಅರ್ಹ. ಅದೇ ತೋಟದಲ್ಲಿ ವರ್ಷವಿಡೀ ನೀರು ಕಟ್ಟುವವರ ಮಗಳು ಅನರ್ಹಳು. ಇದು ಯಾವ ನ್ಯಾಯ ಸ್ವಾಮಿ?

ತರಬೇತಿಗೆ ಸೇರುವ ಅವಕಾಶ ಸಿಕ್ಕವರ ಪಾಡೂ ಸುಲಭ ಅಲ್ಲ. 1,750 ರೂಪಾಯಿ ಅಂದರೆ ಎಷ್ಟು? 2025-26ರಲ್ಲಿ ಕರ್ನಾಟಕದ ನರೇಗಾ ಕೂಲಿ ದಿನಕ್ಕೆ 370 ರೂಪಾಯಿ. ತಿಂಗಳಿಡೀ ತರಬೇತಿಗೆ ಕೊಡುವ ದುಡ್ಡು ಐದು ದಿನದ ಕೂಲಿಗೂ ಸಾಲದು. ಹತ್ತು ತಿಂಗಳಿಗೆ ಒಟ್ಟು 17,500. ಕೂಲಿಯ ಮನೆಯಿಂದ ಹತ್ತು ತಿಂಗಳು ಒಂದು ಜೋಡಿ ಕೈ ಹೊರಗೆ ಹೋದರೆ ಒಲೆ ಹೇಗೆ ಉರಿಯಬೇಕು? ಅದೂ ಸುಗ್ಗಿ, ಕೊಯ್ಲು ಎಲ್ಲ ಈ ಹತ್ತು ತಿಂಗಳೊಳಗೇ ಬರುತ್ತವೆ. ನಾಳೆ ಪಹಣಿ ಷರತ್ತು ತೆಗೆದರೂ ಈ ಲೆಕ್ಕವೇ ಎರಡನೇ ಬೇಲಿಯಾಗಿ ನಿಲ್ಲುತ್ತದೆ.

'ಹಾಗಾದರೆ ತೋಟಗಾರಿಕೆ ವಿಶ್ವವಿದ್ಯಾಲಯ ಇದೆಯಲ್ಲ' ಅನ್ನಬಹುದು. ಇದೆ, ಹೆಮ್ಮೆಯೂ ಇದೆ. ಬಾಗಲಕೋಟೆಯ ತೋಟಗಾರಿಕೆ ವಿಶ್ವವಿದ್ಯಾಲಯ 2008ರಲ್ಲಿ ಶುರುವಾಯಿತು. ಬಾಗಲಕೋಟೆ, ಅರಭಾವಿ, ಶಿರಸಿ, ಕೋಲಾರ, ಬೀದರ್ ಹೀಗೆ ಬೇರೆ ಬೇರೆ ಕಡೆ ಕಾಲೇಜುಗಳಿವೆ. ಆದರೆ ಅಲ್ಲಿರೋದು ಮುಖ್ಯವಾಗಿ ನಾಲ್ಕು ವರ್ಷದ ಬಿಎಸ್ಸಿ. ಪಿಯುಸಿ ವಿಜ್ಞಾನ ಬೇಕು, ಸಿಇಟಿ ಬರೆಯಬೇಕು, ಪಾಠ ಇಂಗ್ಲಿಷಿನಲ್ಲಿ. ಅಲ್ಲಿಂದ ಅಧಿಕಾರಿಗಳು, ವಿಜ್ಞಾನಿಗಳು, ಬ್ಯಾಂಕ್ ನೌಕರರು ಬರುತ್ತಾರೆ. ಬರಲಿ, ಬೇಕು. ಎಸ್ಸೆಸ್ಸೆಲ್ಸಿಗೆ ನಿಂತವರಿಗೆ, ಪಿಯು ಕಲಾ ವಿಭಾಗ ಓದಿ ಗಾರ್ಮೆಂಟ್ಸ್ ಬಸ್ಸು ಹತ್ತಿದವರಿಗೆ, ಮದುವೆಯಾಗಿ ಎರಡು ಮಕ್ಕಳಾದಮೇಲೆ ಮತ್ತೆ ಕಲಿಯಬೇಕು ಅನ್ನುವ 35ರ ತಾಯಿಗೆ ಅದು ದಾರಿಯಲ್ಲ. ಒಂದು ಕಡೆ ನಾಲ್ಕು ವರ್ಷದ ಡಿಗ್ರಿ, ಇನ್ನೊಂದು ಕಡೆ ಒಂದು ದಿನದ ಕಾರ್ಯಾಗಾರ. ನಡುವೆ ಒಂದು ಮೆಟ್ಟಿಲು ಬೇಕು.

ಆ ಮೆಟ್ಟಿಲಿಗೆ ಹೆಸರೂ ಇದೆ: ಸಮುದಾಯ ಕಾಲೇಜು. ಅಮೆರಿಕದಲ್ಲಿ ಇಂಥ ಕಾಲೇಜುಗಳು ಶುರುವಾಗಿ ನೂರು ವರ್ಷ ದಾಟಿದೆ. ಇಲಿನಾಯ್ ರಾಜ್ಯದ ಜೋಲಿಯೆಟ್‌ನಲ್ಲಿ 1901ರಲ್ಲೇ ಒಂದು ತೆರೆಯಿತು. ನಮ್ಮ ದೇಶದಲ್ಲಿ 1995ರಲ್ಲಿ ಪುದುಚೇರಿಯಲ್ಲಿ ಈ ಪ್ರಯೋಗ ಆಯಿತು. 2013ರ ಹೊತ್ತಿಗೆ ಯುಜಿಸಿಯೇ ಸಮುದಾಯ ಕಾಲೇಜುಗಳ ಯೋಜನೆ ತಂದಿತು. ಇದರ ತಿರುಳು ಸರಳ. ಆ ಊರಿನ ಸುತ್ತ ಯಾವ ಕೆಲಸ ಇದೆಯೋ ಅದನ್ನು ಕಲಿಸುವುದು, ಓದು ಬಿಟ್ಟವರನ್ನೂ ದುಡಿಯುವವರನ್ನೂ ಒಳಗೆ ಕರೆಯುವುದು, ಸಣ್ಣ ಸಣ್ಣ ಕಂತಿನಲ್ಲಿ ಕಲಿಸಿ ಪ್ರಮಾಣಪತ್ರ ಕೊಡುವುದು. ಹಳ್ಳಿಯ ಸುತ್ತ ಯಾವ ಕೆಲಸ ಇದೆ ಅಂತ ಸಮೀಕ್ಷೆ ಮಾಡಿಸಬೇಕಾಗಿಲ್ಲ. ಬೇಲಿಯಾಚೆ ಇಣುಕಿದರೆ ಕಾಣುತ್ತದೆ.

ದುಡ್ಡೆಲ್ಲಿ, ಜಾಗ ಎಲ್ಲಿ ಅನ್ನುವವರಿಗೆ: ಸರ್ಕಾರಿ ಪ್ರಥಮ ದರ್ಜೆ ಕಾಲೇಜು ಈಗ ಹೆಚ್ಚುಕಡಿಮೆ ಎಲ್ಲ ತಾಲ್ಲೂಕಿನಲ್ಲೂ ಇದೆ. ಮಧ್ಯಾಹ್ನದ ಮೇಲೆ ಅದರ ಕೋಣೆಗಳು ಖಾಲಿ. ತೋಟಗಾರಿಕೆ ಇಲಾಖೆಯ ಕ್ಷೇತ್ರ, ನರ್ಸರಿಗಳು ಹಲವು ತಾಲ್ಲೂಕುಗಳಲ್ಲಿವೆ. ಹೆಚ್ಚುಕಡಿಮೆ ಜಿಲ್ಲೆಗೊಂದರಂತೆ ಕೃಷಿ ವಿಜ್ಞಾನ ಕೇಂದ್ರ ಇದೆ. ಇಷ್ಟನ್ನು ಒಂದು ದಾರದಲ್ಲಿ ಪೋಣಿಸಿದರೆ ಅರ್ಧ ಕಾಲೇಜು ಸಿದ್ಧ.

ಪಹಣಿ ಕೇಳದೆ ಕಲಿಸೋಕೆ ಆಗುತ್ತದಾ ಅನ್ನುವ ಅನುಮಾನವೂ ಬೇಡ. ತೆಂಗು ಅಭಿವೃದ್ಧಿ ಮಂಡಳಿ 2011ರಲ್ಲಿ 'ಫ್ರೆಂಡ್ಸ್ ಆಫ್ ಕೋಕೊನಟ್ ಟ್ರೀ' ಅನ್ನುವ ತರಬೇತಿ ಶುರು ಮಾಡಿತು. ಯಂತ್ರದ ಸಹಾಯದಿಂದ ತೆಂಗಿನ ಮರ ಹತ್ತೋದು, ಕಾಯಿ ಕೀಳೋದು, ಸುಳಿಯ ರೋಗ-ಕೀಟ ನೋಡಿಕೊಳ್ಳೋದು ಕಲಿಸಿ, ಹತ್ತುವ ಯಂತ್ರವನ್ನೂ ಕೊಟ್ಟು, ವಿಮೆಯನ್ನೂ ಮಾಡಿಸಿತು. ನಿನ್ನ ಹೆಸರಲ್ಲಿ ಎಷ್ಟು ತೆಂಗಿನ ಮರ ಇದೆ ಅಂತ ಕೇಳಲಿಲ್ಲ. ಉಜಿರೆಯಲ್ಲಿ 1982ರಲ್ಲಿ ಶುರುವಾದ ರುಡ್‌ಸೆಟಿಯ ಮಾದರಿ ಇಡೀ ದೇಶಕ್ಕೆ ಹೋಯಿತು. ಅಲ್ಲೂ ಊಟ, ವಸತಿ ಕೊಟ್ಟು ಉಚಿತವಾಗಿ ಕಲಿಸುತ್ತಾರೆ. ಇವು ದಿನಗಳ, ವಾರಗಳ ತರಬೇತಿಗಳು, ಒಪ್ಪುತ್ತೇವೆ. ಅದೇ ಮನಸ್ಸಿನಿಂದ ಒಂದು ವರ್ಷದ ಕೋರ್ಸು ಮಾಡೋಕೆ ಏನಡ್ಡಿ?

ರೈತ ಸಂಘಟನೆಗಳ ಹಿರಿಯರಿಗೂ ಒಂದು ಮಾತು. ಬೆಂಬಲ ಬೆಲೆಗೆ, ವಿದ್ಯುತ್ತಿಗೆ, ನೀರಿಗೆ ನೀವು ಬೀದಿಗೆ ಇಳಿದಾಗ ಕೂಲಿಯವರೂ ನಿಮ್ಮ ಜೊತೆ ನಡೆದಿದ್ದಾರೆ. 'ಆಳು ಸಿಗೋದಿಲ್ಲ, ಸಿಕ್ಕರೂ ಕೆಲಸ ಗೊತ್ತಿರೋದಿಲ್ಲ' ಅನ್ನೋದು ನಿಮ್ಮ ಪ್ರತಿ ಸಭೆಯ ಗೊಣಗು. ಕಲಿಸದೆ ಕೆಲಸ ಹೇಗೆ ಗೊತ್ತಾಗಬೇಕು ಅಣ್ಣಾ? 'ಅವರು ಕಲಿತರೆ ಕೂಲಿ ಜಾಸ್ತಿ ಕೇಳುತ್ತಾರೆ' ಅನ್ನುವ ಅಂಜಿಕೆ ಕೆಲವರ ಮನಸ್ಸಿನಲ್ಲಿದೆ, ಬಾಯಲ್ಲಿಲ್ಲ. ಹೌದು, ಕೇಳುತ್ತಾರೆ. ಕೇಳಲೇಬೇಕು. ರೋಗ ಹರಡದ ಹಾಗೆ ಕತ್ತರಿ ಹಿಡಿಯುವವರಿಗೆ ನೂರು ರೂಪಾಯಿ ಜಾಸ್ತಿ ಕೊಡೋದು ಲಾಭವೋ, ತೋಟ ಕಿತ್ತು ಹಾಕೋದು ಲಾಭವೋ?

ನಮ್ಮ ಬೇಡಿಕೆ ಐದೇ ಐದು.

1. ಹತ್ತು ತಿಂಗಳ ತರಬೇತಿಗೆ ಪಹಣಿ ಕಡ್ಡಾಯ ಅನ್ನೋದನ್ನು ತೆಗೆಯಿರಿ. 'ರೈತರ ಮಕ್ಕಳು' ಅನ್ನುವಲ್ಲಿ 'ರೈತರ ಮತ್ತು ಕೃಷಿ ಕೂಲಿಕಾರರ ಮಕ್ಕಳು' ಅಂತ ಬರೆಯಿರಿ. ನರೇಗಾ ಜಾಬ್ ಕಾರ್ಡ್ ಅಥವಾ ಗ್ರಾಮ ಪಂಚಾಯಿತಿಯ ಪತ್ರ ಸಾಕು ಅನ್ನಿ.

2. ತಾಲ್ಲೂಕಿಗೊಂದು ತೋಟಗಾರಿಕೆ ಸಮುದಾಯ ಕಾಲೇಜು ಬೇಕು. ಪಾಠ ಕನ್ನಡದಲ್ಲಿ, ಮುಕ್ಕಾಲು ಪಾಲು ತೋಟದಲ್ಲಿ. ಮೇಲಿನ ವಯಸ್ಸಿನ ಮಿತಿ ಬೇಡ.

3. ಕೋರ್ಸನ್ನು ಕಂತು ಮಾಡಿ. ದ್ರಾಕ್ಷಿ ಸೀಮೆಯಲ್ಲಿ ಚಾಟ್ನಿ ಇಲ್ಲದ ತಿಂಗಳು, ಅಡಿಕೆ ಸೀಮೆಯಲ್ಲಿ ಕೊಯ್ಲು ಇಲ್ಲದ ತಿಂಗಳು ತರಗತಿ ನಡೆಯಲಿ. ಇವತ್ತು ಕಸಿ, ಮುಂದಿನ ವರ್ಷ ಹನಿ ನೀರಾವರಿ ಅಂತ ಕಲಿಯುವ ಹಾಗಿರಲಿ.

4. ಕಲಿಯುವ ದಿನಕ್ಕೆ ನರೇಗಾ ಕೂಲಿಯಷ್ಟಾದರೂ ಶಿಷ್ಯವೇತನ ಕೊಡಿ. ಹೆಣ್ಣುಮಕ್ಕಳಿಗೆ ಬಸ್ಸಿನ ಸಮಯ ನೋಡಿ ತರಗತಿ ಇಡಿ, ಮಗು ಬಿಡೋಕೆ ಜಾಗ ಮಾಡಿ.

5. ಈಗಾಗಲೇ ಕೆಲಸ ಬಲ್ಲ ಕೂಲಿಕಾರರಿಗೆ ತೋಟದಲ್ಲೇ ಪರೀಕ್ಷೆ ಮಾಡಿ ಪ್ರಮಾಣಪತ್ರ ಕೊಡಿ. ಬಿಎಸ್ಸಿಗೆ ಕೃಷಿ ಕೋಟಾದಲ್ಲಿ ಸೇರುವವರಿಗೆ ಪ್ರಾಯೋಗಿಕ ಪರೀಕ್ಷೆ ಇದೆಯಲ್ಲ, ಹಾಗೆ. ಅವರಲ್ಲಿ ಚೆನ್ನಾಗಿ ಬಲ್ಲವರನ್ನು ಅದೇ ಕಾಲೇಜಿನಲ್ಲಿ ಗೌರವಧನ ಕೊಟ್ಟು ಕಲಿಸೋಕೆ ಕೂರಿಸಿ. ಇಪ್ಪತ್ತು ವರ್ಷ ಚಾಟ್ನಿ ಮಾಡಿದ ಅಕ್ಕನಿಗಿಂತ ಒಳ್ಳೆಯ ಮೇಷ್ಟ್ರು ಎಲ್ಲಿ ಸಿಗುತ್ತಾರೆ?

ಓದಿ ತಲೆಯಾಡಿಸಿ ಸುಮ್ಮನಾಗಬೇಡಿ. ಮುಂದಿನ ಗ್ರಾಮಸಭೆಯಲ್ಲಿ ಈ ಮಾತು ಎತ್ತಿ, ಠರಾವು ಮಾಡಿಸಿ, ಅದರ ನಕಲು ತೋಟಗಾರಿಕೆ ಇಲಾಖೆಗೂ ನಿಮ್ಮ ಶಾಸಕರಿಗೂ ಕಳಿಸಿ. ಬರೆಯೋಕೆ ಬೇಜಾರಾದರೆ ಕೆಳಗಿನ ಸಾಲುಗಳನ್ನೇ ನಕಲು ಮಾಡಿಕೊಳ್ಳಿ:

'ನಮ್ಮ ಗ್ರಾಮದ ಭೂರಹಿತ ಕೃಷಿ ಕೂಲಿಕಾರರ ಮತ್ತು ಗೇಣಿ ರೈತರ ಮಕ್ಕಳಿಗೂ ತೋಟಗಾರಿಕೆ ತರಬೇತಿಗೆ ಅವಕಾಶ ಕೊಡಬೇಕು. ಅರ್ಜಿಯಲ್ಲಿ ಪಹಣಿ ಕಡ್ಡಾಯ ಅನ್ನುವ ಷರತ್ತನ್ನು ಕೈಬಿಡಬೇಕು. ನಮ್ಮ ತಾಲ್ಲೂಕಿನಲ್ಲಿ ತೋಟಗಾರಿಕೆ ಕಲಿಸುವ ಸಮುದಾಯ ಕಾಲೇಜು ತೆರೆಯಬೇಕು ಎಂದು ಈ ಗ್ರಾಮಸಭೆ ಒಕ್ಕೊರಲಿನಿಂದ ಒತ್ತಾಯಿಸುತ್ತದೆ.'

ಠರಾವು ಪುಸ್ತಕದಲ್ಲಿ ಬರೆಸಿ, ಓದಿಸಿ ಕೇಳಿ, ಆಮೇಲೆ ಸಹಿ ಹಾಕಿ. ಹೆಬ್ಬೆಟ್ಟು ಒತ್ತುವವರನ್ನೂ ಕರೆದುಕೊಂಡು ಹೋಗಿ. ಈ ಕಾಲೇಜು ಬೇಕಾಗಿರೋದು ಅವರ ಮನೆಯ ಮಕ್ಕಳಿಗೇ.